ಡಬ್ಬಿ ಬಂತೇನು?

ಹೋದ ವರ್ಷ ಅವ್ವ ಗದಗದಿಂದ ಇಂಗ್ಲೆಂಡಿನ ಲೆಸ್ಟರ್‌ಗೆ, ನಮ್ಮ ಮನೆಗೆ ಬಂದಿದ್ದಳು. ಪಂಚಮಿ ಇಲ್ಲೇ ಆಯಿತು. ಬೆಳಗ್ಗೆ ಎದ್ದವಳೇ ಶೇಂಗಾ ಹುರಿದು, ಎಳ್ಳು ಹುರಿದು, ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟೋಕೆ ಕೂತಳು. ಅಡುಗೆಮನೆಯ ಹೊಗೆ ಅಲಾರಂ ಎರಡು ಸಲ ಕೂಗಿತು. ಮಧ್ಯಾಹ್ನದ ಹೊತ್ತಿಗೆ ಊರಿನಿಂದ ತಂದಿದ್ದ ಸ್ಟೀಲ್ ಡಬ್ಬಿಗೆ ಹತ್ತು ಉಂಡಿ ತುಂಬಿ, "ಬಾಜೂ ಮನಿ ಅಜ್ಜಿಗೆ ಕೊಟ್ಟು ಬಾ" ಅಂದಳು.

ಬಾಜೂ ಮನೆಯವರು ಎಂಬತ್ತು ದಾಟಿದ ಇಂಗ್ಲಿಷ್ ಅಜ್ಜಿ. ಒಬ್ಬರೇ ಇರುತ್ತಾರೆ. ನಾನು ಬಾಗಿಲಲ್ಲಿ ನಿಂತು ಮೊದಲು, "ಶೇಂಗಾ ತಿಂದ್ರೆ ನಿಮಗೇನೂ ತೊಂದ್ರೆ ಇಲ್ಲ ತಾನೇ?" ಅಂತ ಕೇಳಿದೆ. ಇಲ್ಲಿ ಹಾಗೆ ಕೇಳಲೇಬೇಕು. ಮನೆಗೆ ಬಂದು ಹೇಳಿದರೆ ಅವ್ವ ನಂಬಲಿಲ್ಲ. "ಶೇಂಗಾ ತಿಂದು ಯಾರಿಗೆ ಏನಾಗತೈತೋ?"

ಮರುದಿನ ಡಬ್ಬಿ ವಾಪಸ್ ಬಂತು. ಚೆನ್ನಾಗಿ ತೊಳೆದು, ಒರೆಸಿ, ಮಿರಿಮಿರಿ ಅನ್ನುತ್ತಿತ್ತು. ಅಜ್ಜಿ ನಾಲ್ಕು ಸಲ ಥ್ಯಾಂಕ್ಸ್ ಹೇಳಿ ಹೋದರು. ಅವ್ವ ಮುಚ್ಚಳ ತೆಗೆದಳು. ಒಳಗೆ ಏನೂ ಇಲ್ಲ. ಮುಖ ಸಣ್ಣದಾಯಿತು.

"ಖಾಲಿ ಡಬ್ಬಿ ಕೊಟ್ಟು ಹೋದ್ಲಲ್ಲೋ. ಒಂಚೂರು ಸಕ್ರಿ ಹಾಕಾಕ ಏನಾಗಿತ್ತು?"

ನಮ್ಮ ಕಡೆ ಕೊಟ್ಟ ಪಾತ್ರೆ ಖಾಲಿ ಬರುವುದಿಲ್ಲ. ಮನೆಯಲ್ಲಿ ಏನೂ ಇಲ್ಲ ಅಂದರೂ ಒಂದು ಚಮಚ ಸಕ್ಕರೆ, ಒಂದು ಹರಳು ಬೆಲ್ಲ ಹಾಕಿ ಕೊಡುತ್ತಾರೆ. ನಾನು ಸುಮ್ನಿರದೆ ಕೆಣಕಿದೆ: "ನೀ ಉಂಡಿ ಕೊಟ್ಟಿದ್ದು ಸಕ್ರಿ ಬರ್ಲಿ ಅಂತೇನು?"

"ಹುಚ್ಚಾ, ಸಕ್ರಿ ಯಾರಿಗೆ ಬೇಕಾಗೇತಿ? ಆದ್ರ ಖಾಲಿ ಡಬ್ಬಿ ಕೊಡಬಾರ್ದು."

ಅವ್ವ ಹೇಳಿದ್ದು ಎರಡೂ ನಿಜ. ಸಕ್ಕರೆಗಾಗಿ ಕೊಟ್ಟಿರಲಿಲ್ಲ. ಆದರೆ ಸಕ್ಕರೆ ಬಾರದ್ದಕ್ಕೆ ನೊಂದುಕೊಂಡಿದ್ದೂ ಸುಳ್ಳಲ್ಲ. ನಾಲ್ಕು ದಿನ ಬಿಟ್ಟು ಅಜ್ಜಿ ಹೂವಿನ ಚಿತ್ರದ ಒಂದು ಕಾರ್ಡ್ ಹಾಕಿ ಹೋದರು, ಕೈಬರಹದಲ್ಲಿ ಆರು ಸಾಲು ಬರೆದು. ಅದು ಅವರ ಸಕ್ಕರೆ. ಅವ್ವನಿಗೆ ಓದೋಕೆ ಬರಲಿಲ್ಲ. ದೇವರ ಜಗಲಿಯ ಪಕ್ಕ ಇಟ್ಟಳು.

ಅದೇ ಅಜ್ಜಿ ಇನ್ನೊಂದು ಕೆಲಸ ಮಾಡುತ್ತಿದ್ದರು. ಅದು ನನಗೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ನಾವು ರಜೆಗೆ ಊರಿಗೆ ಹೋದಾಗ ನಮ್ಮ ಕಸದ ಬಿನ್ನನ್ನು ಅವರೇ ರಸ್ತೆಗೆ ಎಳೆದು ಇಟ್ಟು, ಗಾಡಿ ಬಂದು ಹೋದ ಮೇಲೆ ಒಳಗೆ ತರುತ್ತಿದ್ದರಂತೆ. ಎದುರು ಮನೆಯವರು ಹೇಳಿದ ಮೇಲೆ ಗೊತ್ತಾಯಿತು. ಹೋಗಿ ಕೇಳಿದೆ. "ನನ್ನದು ಇಡುವಾಗ ಅದನ್ನೂ ಇಟ್ಟೆ, ಅಷ್ಟೇ" ಅಂದು ಮಾತು ಬದಲಿಸಿದರು.

ಆಗ ನನಗೆ ನೆನಪಾಗಿದ್ದು ನಮ್ಮ ಕಾಕಾ. 1998ರಲ್ಲಿ ನಾನು ಧಾರವಾಡದಲ್ಲಿ ಕಾಲೇಜು ಸೇರುವಾಗ ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ಬೆಟಗೇರಿಯಲ್ಲಿ ಮಗ್ಗ ನಿಂತು ತಿಂಗಳುಗಳಾಗಿದ್ದವು. ಕಾಕಾ ಹೊಲದ ಹೆಸರುಕಾಳು ಮಾರಿ ಬಂದ ದುಡ್ಡಿನಲ್ಲಿ ಮೂರು ಸಾವಿರ ಎಣಿಸಿ ಕೊಟ್ಟ. ಅಲ್ಲಿಂದ ಇಲ್ಲಿಯತನಕ ಮನೆತನದಲ್ಲಿ ಆದ ಪ್ರತಿ ಮದುವೆಯಲ್ಲೂ, ಪ್ರತಿ ಜವಳದಲ್ಲೂ, ಪಂಗತಿಯಲ್ಲಿ ಕೂತವರಿಗೆಲ್ಲ ಹೇಳಿದ್ದಾನೆ: "ಅಂವಾ ಇವತ್ತು ಲಂಡನ್ನಿನಾಗ ಅದಾನಂದ್ರ ಯಾರಿಂದ?" ಲಂಡನ್ ಅಲ್ಲ ಕಾಕಾ, ಲೆಸ್ಟರ್ ಅಂದರೆ ಕೇಳುವುದಿಲ್ಲ. ನನ್ನ ಹೆಂಡತಿ ನಗುತ್ತಾಳೆ: ಹೆಸರು ಮಾರಿ ಹೆಸರು ತಗೊಂಡ್ರು.

ಕೇಳಿದರೆ ಯಾರಾದರೂ ಅಜ್ಜಿಯದು ನಿಸ್ವಾರ್ಥ, ಕಾಕಾನದು ಸ್ವಾರ್ಥ ಅಂದುಬಿಡುತ್ತಾರೆ. ನನಗೆ ಅಷ್ಟು ಸಲೀಸಾಗಿ ಹೇಳೋಕೆ ಬಾಯಿ ಬರುವುದಿಲ್ಲ. ಆ ಮೂರು ಸಾವಿರದಲ್ಲಿ ನಾನು ಓದಿದ್ದೇನೆ. ಬಿನ್ ಒಂದು ವಾರ ಒಳಗೇ ಇದ್ದಿದ್ದರೆ ವಾಸನೆ ಬರುತ್ತಿತ್ತು, ಅಷ್ಟೇ.

ಈ ವಿಷಯ ಬಂದಾಗೆಲ್ಲ ನನ್ನ ಜೊತೆ ಕೆಲಸ ಮಾಡುವ ಧಾರವಾಡದ ಹುಡುಗನೊಬ್ಬ ವಾದಕ್ಕೆ ಇಳಿಯುತ್ತಾನೆ. "ಜಗತ್ತಿನ್ಯಾಗ ನಿಸ್ವಾರ್ಥ ಅನ್ನೋದ ಇಲ್ಲ ಅಣ್ಣಾ. ಕೊಟ್ಟವ್ರಿಗೆ ಖುಷಿ ಸಿಗತೈತಿ. ಖುಷಿಗಾಗೇ ಕೊಡ್ತಾರ." ಈ ವಾದ ಹಳೆಯದು. 17ನೇ ಶತಮಾನದ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಮನುಷ್ಯ ಸ್ವಾರ್ಥಿ ಅಂತ ಬರೆದು ಹೆಸರಾದವನು. ಒಮ್ಮೆ ಲಂಡನ್ ಬೀದಿಯಲ್ಲಿ ಒಬ್ಬ ಮುದುಕನಿಗೆ ಆರು ಪೆನ್ಸ್ ಭಿಕ್ಷೆ ಹಾಕಿದನಂತೆ. ಜೊತೆಗಿದ್ದ ಪಾದ್ರಿ, ಧರ್ಮ ಹೇಳದೇ ಇದ್ದಿದ್ದರೂ ಕೊಡುತ್ತಿದ್ದೆಯಾ ಅಂತ ಕೇಳಿದ. ಕೊಡುತ್ತಿದ್ದೆ, ಆ ಮುದುಕನ ಸ್ಥಿತಿ ನೋಡಿ ನನಗೇ ಸಂಕಟ ಆಗುತ್ತಿತ್ತು, ಕೊಟ್ಟ ಮೇಲೆ ಅವನಿಗೂ ಹಗುರಾಯಿತು, ನನಗೂ ಹಗುರಾಯಿತು ಅಂದನಂತೆ ಹಾಬ್ಸ್. ತನ್ನ ಕೈಯಿಂದ ಹೋದ ಆರು ಪೆನ್ಸಿಗೂ ತನ್ನ ಸಿದ್ಧಾಂತ ಬಿಟ್ಟುಕೊಡಲಿಲ್ಲ ನೋಡಿ, ಗಟ್ಟಿ ಆಸಾಮಿ.

ಇದಕ್ಕೆ ಉತ್ತರ ಕೊಟ್ಟವನೂ ಇಂಗ್ಲೆಂಡಿನವನೇ, ಜೋಸೆಫ್ ಬಟ್ಲರ್ ಅನ್ನುವ ಪಾದ್ರಿ, 1726ರಲ್ಲಿ. ಅವನ ಮಾತನ್ನು ನಾನು ಆ ಹುಡುಗನಿಗೆ ನಮ್ಮ ರೀತಿಯಲ್ಲಿ ಹೇಳಿದೆ. ರೊಟ್ಟಿ ಉಂಡ ಮೇಲೆ ತೇಗು ಬರುತ್ತದೆ. ಹಾಗಂತ ಯಾರಾದರೂ ತೇಗಿಗಾಗಿ ಉಣ್ಣುತ್ತಾರಾ? ಹಸಿವಿಗೆ ಬೇಕಾಗಿದ್ದು ರೊಟ್ಟಿ. ತೇಗು ಹಿಂದಿನಿಂದ ತಾನೇ ಬಂತು. ಹಾಗೇ ಕೊಟ್ಟ ಮೇಲೆ ಖುಷಿ ಆಗಬೇಕಾದರೆ, ಆ ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅನ್ನುವ ಆಸೆ ಮೊದಲೇ ಒಳಗೆ ಇರಬೇಕು. ಇಲ್ಲದಿದ್ದರೆ ಖುಷಿ ಎಲ್ಲಿಂದ ಬರುತ್ತದೆ? ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ತೇಗಿಗಾಗೇ ಸೋಡಾ ಕುಡಿಯೋರ ಇರ್ತಾರಲ್ಲ ಅಣ್ಣಾ" ಅಂದ. ಧಾರವಾಡದವರ ಜೊತೆ ವಾದ ಮಾಡಬಾರದು.

ಸೋಡಾ ಯಾವುದು, ರೊಟ್ಟಿ ಯಾವುದು ಅಂತ ಪರೀಕ್ಷೆ ಮಾಡಲು ಹೋದವರೂ ಇದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ ಮತ್ತು ಜೊತೆಗಾರರು 1981ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಎಲೇನ್ ಅನ್ನುವ ಹುಡುಗಿಗೆ ಕರೆಂಟ್ ಶಾಕ್ ಕೊಡುತ್ತಿರುವುದನ್ನು ಜನರಿಗೆ ತೋರಿಸಿದರು. ಶಾಕ್ ನಿಜದ್ದಲ್ಲ, ನಾಟಕ. ನೋಡುವವರಿಗೆ ಗೊತ್ತಿರಲಿಲ್ಲ. ಕೆಲವರಿಗೆ ಎರಡು ಸಲ ನೋಡಿ ಎದ್ದು ಹೋಗಬಹುದು ಅಂದರು, ಕೆಲವರಿಗೆ ಹತ್ತೂ ಸಲ ನೋಡಬೇಕು ಅಂದರು. ಆಮೇಲೆ, ಅವಳ ಜಾಗದಲ್ಲಿ ನೀವು ಕೂರುತ್ತೀರಾ ಅಂತ ಕೇಳಿದರು. ತಮ್ಮ ಸಂಕಟ ಕಳೆದುಕೊಳ್ಳುವುದೇ ಮುಖ್ಯ ಆಗಿದ್ದರೆ, ಹಾಬ್ಸ್ ಹೇಳಿದ ಹಾಗೆ, ಹೋಗಬಹುದು ಅಂತ ಹೇಳಿಸಿಕೊಂಡವರು ಎದ್ದು ಹೋಗಬೇಕಿತ್ತು. ಅವಳ ಬಗ್ಗೆ ಕರುಳು ಮಿಡಿದವರಲ್ಲಿ ಹೆಚ್ಚಿನವರು ಹೋಗಲಿಲ್ಲ, ನಾವು ಕೂರುತ್ತೇವೆ ಅಂದರು. ಇದರಿಂದ ಎಲ್ಲ ತೀರ್ಮಾನ ಆಯಿತು ಅಂತಲ್ಲ, ಇದರ ಮೇಲೆ ಜಗಳ ಇನ್ನೂ ನಡೆದಿದೆ. ಆದರೆ "ಎಲ್ಲಾ ಸ್ವಾರ್ಥ" ಅಂತ ಕಣ್ಣು ಮುಚ್ಚಿ ಹೇಳುವುದು ಅಂದಿನಿಂದ ಸ್ವಲ್ಪ ಕಷ್ಟ ಆಗಿದೆ.

ನನಗೆ ಪ್ರಯೋಗಕ್ಕಿಂತ ಜಾಸ್ತಿ ಪಾಠ ಕಲಿಸಿದ್ದು ರಕ್ತದ ಬಾಟ್ಲಿ.

ಇಲ್ಲಿ ನಾನು ರಕ್ತ ಕೊಡುತ್ತೇನೆ. ಗಂಡಸರು 12 ವಾರಕ್ಕೊಮ್ಮೆ ಕೊಡಬಹುದು. 470 ಮಿಲಿ ತೆಗೆದುಕೊಂಡು, ಬಿಸ್ಕೀಟು ಮತ್ತು ಶರಬತ್ತು ಕೊಟ್ಟು ಕಳಿಸುತ್ತಾರೆ. ದುಡ್ಡು ಇಲ್ಲ. ಯಾರಿಗೆ ಹೋಯಿತು ಅಂತ ಹೇಳುವುದಿಲ್ಲ. ಎಷ್ಟು ಶುದ್ಧವಾದ ದಾನ, ಅಲ್ವಾ? ಆದರೆ ಕೆಲವು ದಿನ ಬಿಟ್ಟು ಮೊಬೈಲಿಗೆ ಒಂದು ಮೆಸೇಜ್ ಬರುತ್ತದೆ, ನಿಮ್ಮ ರಕ್ತ ಇಂಥ ಆಸ್ಪತ್ರೆಗೆ ಹೋಗಿದೆ ಅಂತ. ಮೊದಲ ಸಲ ಬಂದಾಗ ಹೆಂಡತಿಗೆ ತೋರಿಸಿದೆ. ಆಫೀಸಿನಲ್ಲಿ ಮೂರು ಜನಕ್ಕೆ ತೋರಿಸಿದೆ. ಊರಿಗೆ ಫೋನ್ ಮಾಡಿದಾಗ ಹೇಳಿದೆ. ಕಾಕಾನಿಗೂ ನನಗೂ ಏನು ವ್ಯತ್ಯಾಸ? ನನ್ನದು ಮದುವೆ ಪಂಗತಿ ಅಲ್ಲ, ವಾಟ್ಸಾಪ್.

ಇನ್ನು 2016ರಲ್ಲಿ ಅಪ್ಪನಿಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಎರಡು ಬಾಟ್ಲಿ ರಕ್ತ ಬೇಕು, ಬದಲಿಗೆ ಕೊಡುವವರನ್ನು ನೀವೇ ಕರೆದುಕೊಂಡು ಬನ್ನಿ ಅಂದರು. ನಾನೊಂದು ಕೊಟ್ಟೆ. ತಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾನೆ, ಅವನದು ಬೇಡ ಅಂದರು. ಸಂಬಂಧಿಕರಿಗೆ ಫೋನ್ ಹಚ್ಚಿದರೆ ಒಬ್ಬರು ಲಕ್ಷ್ಮೇಶ್ವರದಲ್ಲಿ, ಒಬ್ಬರು ಜಾತ್ರೆಯಲ್ಲಿ. ನಮ್ಮನ್ನು ಸ್ಟೇಶನ್ನಿನಿಂದ ಕರೆತಂದಿದ್ದ ಆಟೋ ಹುಡುಗ ಇನ್ನೂ ಗೇಟಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದ. ನನ್ನ ಫೋನ್ ಮಾತು ಕೇಳಿಸಿಕೊಂಡಿರಬೇಕು. "ನಾ ಕೊಡ್ತೀನಿ ತಗೋರಿ ಸರ" ಅಂದ. ಗ್ಲಾಸು ಇಟ್ಟು ಬಂದೇಬಿಟ್ಟ.

ಕೊಟ್ಟು ಹೊರಗೆ ಬಂದ ಮೇಲೆ ಅವನ ಅಂಗಿ ಜೇಬಿಗೆ ಎರಡು ಸಾವಿರ ತುರುಕಿದೆ. ತೆಗೆದು ನನ್ನ ಕೈಯಲ್ಲೇ ಇಟ್ಟ. "ಇದಕ್ಕ ರೊಕ್ಕ ತಗೊಂಡ್ರ ನಮ್ಮವ್ವ ಬೈತಾಳ್ರಿ." ಅವನ ತಂಗಿ ಹುಟ್ಟುವಾಗ ತಾಯಿಗೆ ರಕ್ತ ಬೇಕಾಗಿ, ಯಾರೋ ಗುರುತಿಲ್ಲದವರು ಕೊಟ್ಟಿದ್ದರಂತೆ. ಹೆಸರು ಕೂಡ ಕೇಳಿರಲಿಲ್ಲವಂತೆ. ಆಮೇಲೆ ನೆನಪಾಗಿ, "ಸರ, ಆಟೋದ್ದು ನೂರಾ ಇಪ್ಪತ್ತು ಬರಬೇಕು" ಅಂದ. ನೂರೈವತ್ತು ಕೊಟ್ಟೆ. ಮೂವತ್ತು ರೂಪಾಯಿ ಚಿಲ್ಲರೆ ಎಣಿಸಿ ವಾಪಸ್ ಕೊಟ್ಟು ಹೋದ.

ಆ ಮೂವತ್ತು ರೂಪಾಯಿ ನನ್ನನ್ನು ಬಹಳ ದಿನ ಕಾಡಿತು. ರಕ್ತಕ್ಕೆ ದುಡ್ಡು ಕೊಡುವುದು ಕಾನೂನು ಪ್ರಕಾರವೂ ತಪ್ಪು. ಸುಪ್ರೀಂ ಕೋರ್ಟ್ ಆದೇಶದಂತೆ 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ದುಡ್ಡಿಗೆ ರಕ್ತ ಕೊಳ್ಳುವಂತಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ತುರುಕಿದೆ. ಯಾಕೆ? ಅವನಿಗೆ ಸಹಾಯ ಆಗಲಿ ಅಂತಲಾ? ಅಲ್ಲ. ನನಗೆ ಋಣ ಬೇಡವಾಗಿತ್ತು. ಎರಡು ಸಾವಿರ ತಗೊಂಡಿದ್ದರೆ ಅವನನ್ನು ಅಲ್ಲೇ ಮರೆತುಬಿಡಬಹುದಿತ್ತು. ಕೊಟ್ಟವನ ಮನಸ್ಸು ತಿಳಿಯಾಗಿತ್ತು, ಲೆಕ್ಕ ಇಟ್ಟಿದ್ದು ಪಡೆದವನು.

ಅವತ್ತಿನಿಂದ ನನಗೆ ಒಂದು ಅನುಮಾನ. "ಅವನು ಮಾಡಿದ್ದು ನಿಜವಾಗಿ ನಿಸ್ವಾರ್ಥವೇ?" ಅನ್ನುವ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಪಡೆದವರು, ಇಲ್ಲವೇ ಪಕ್ಕದಲ್ಲಿ ಕೈಕಟ್ಟಿ ನಿಂತವರು. ಅವನಿಗೂ ಏನೋ ಲಾಭ ಇತ್ತು ಅಂತ ತೋರಿಸಿಬಿಟ್ಟರೆ ಪಡೆದವನ ಋಣ ಕಡಿಮೆಯಾಗುತ್ತದೆ. ಕೈಕಟ್ಟಿ ನಿಂತವನ ನಾಚಿಕೆ ಕಡಿಮೆಯಾಗುತ್ತದೆ.

ಇಂಗ್ಲೆಂಡಿನವರು ಈ ಋಣದ ಬಾಧೆಯನ್ನು ಥ್ಯಾಂಕ್ಸ್ ಹೇಳಿ, ಕಾರ್ಡ್ ಕಳಿಸಿ ಅಲ್ಲಿಗೇ ಮುಗಿಸುತ್ತಾರೆ. ನಾವು ಮುಗಿಸುವುದಿಲ್ಲ. ಮದುವೆಯಲ್ಲಿ ಮುಯ್ಯಿ ಬರೆಯೋಕೆ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರಲ್ಲ, ಯಾರು ಎಷ್ಟು ಅಂತ. ಆ ಪುಸ್ತಕ ಟ್ರಂಕಿನಲ್ಲಿ ಇಪ್ಪತ್ತು ವರ್ಷ ಇರುತ್ತದೆ. ಅವರ ಮನೆ ಮದುವೆ ಬಂದಾಗ ತೆಗೆದು ನೋಡಿ, ಐವತ್ತು ರೂಪಾಯಿ ಸೇರಿಸಿ ಕೊಡುತ್ತೇವೆ. ಇಲ್ಲಿನವರಿಗೆ ಇದನ್ನು ಹೇಳಿದರೆ ಹುಬ್ಬೇರಿಸುತ್ತಾರೆ. ಆದರೆ ಅವರ ಆಫೀಸಿನಲ್ಲಿ ಯಾರಾದರೂ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಲು ಓಟಕ್ಕೆ ಇಳಿದರೆ, ಒಂದು ಲಿಂಕ್ ಬರುತ್ತದೆ. ತೆರೆದರೆ ಯಾರು ಎಷ್ಟು ಕೊಟ್ಟರು ಅಂತ ಸಾಲಾಗಿ ಹೆಸರು. ನಾನು ಮೇಲಿಂದ ಕೆಳಗೆ ನೋಡಿ, ಮ್ಯಾನೇಜರ್ ಇಪ್ಪತ್ತು ಪೌಂಡ್ ಹಾಕಿದ್ದರೆ ಹತ್ತು ಹಾಕುತ್ತೇನೆ. ಮುಯ್ಯಿ ಪುಸ್ತಕವೇ ಅದು, ಟ್ರಂಕಿನ ಬದಲು ಸ್ಕ್ರೀನ್ ಮೇಲಿದೆ.

ಮುಯ್ಯಿಯನ್ನು ನಾನು ಕೀಳು ಅನ್ನುವುದಿಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಅದು ದಾನವಲ್ಲ. ಇವತ್ತು ನಿನಗೆ, ನಾಳೆ ನನಗೆ ಅನ್ನುವ ಲೆಕ್ಕ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಯಾರೂ ಸಂತ ಆಗಬೇಕಿರಲಿಲ್ಲ.

ಅಂದರೆ ಎಲ್ಲವೂ ಲೆಕ್ಕವೇನು ಅಂತ ಕೇಳಿದರೆ, ನನ್ನ ಕಣ್ಣ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಬರುತ್ತದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು. 1944ರಲ್ಲಿ ಅವರು ತೀರಿಕೊಂಡ ಮೇಲೆ 2010ರವರೆಗೆ ನಡೆಸಿದವರು ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ. ಊರೂರಿನವರು ಗವಾಯಿಗಳಿಗೆ ತುಲಾಭಾರ ಮಾಡುತ್ತಿದ್ದರು. ಲೆಕ್ಕ ಇಲ್ಲದಷ್ಟು ಮಾಡಿದರು. ಮೈಕಿನಲ್ಲಿ ಮಾಡಿಸಿದವರ ಹೆಸರು, ಅವರ ಅಪ್ಪನ ಹೆಸರು, ಊರಿನ ಹೆಸರು ಕೂಗುತ್ತಿದ್ದರು. ಗವಾಯಿಗಳು ತಕ್ಕಡಿಯಲ್ಲಿ ಸುಮ್ನೆ ಕೂರುತ್ತಿದ್ದರು. ತೂಗಿದ ನಾಣ್ಯ ಮಕ್ಕಳ ಊಟಕ್ಕೆ ಹೋಗುತ್ತಿತ್ತು.

ಚಿಕ್ಕವನಿದ್ದಾಗ ನಮ್ಮೂರಿನ ಒಂದು ಮಠದ ಜಾತ್ರೆಯಲ್ಲಿ ಗೋಧಿ ಹುಗ್ಗಿ ಉಂಡ ನೆನಪಿದೆ. ಸ್ಟೀಲ್ ತಾಟು. ಹುಗ್ಗಿ ಮುಗಿಯುತ್ತ ಬಂದ ಹಾಗೆ ತಾಟಿನ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ ಕಾಣಿಸತೊಡಗಿದವು. ಮೊದಲು "ಸ್ಮರಣಾರ್ಥ". ಬೆರಳಿನಿಂದ ಇನ್ನಷ್ಟು ಬಳಿದೆ, ಯಾರದೋ ಅಜ್ಜಿಯ ಹೆಸರು ಬಂತು. ಆ ಹೆಸರು ಈಗ ನೆನಪಿಲ್ಲ. ಹುಗ್ಗಿಗೆ ಹಾಕಿದ್ದ ಗಸಗಸೆ ನೆನಪಿದೆ.

ಅವ್ವ ಇಲ್ಲಿದ್ದಾಗ ಲಂಡನ್ನಿಗೆ ಕರೆದುಕೊಂಡು ಹೋಗಿ ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿ ತೋರಿಸಿದೆ. 2015ರಲ್ಲಿ ಇಟ್ಟಿದ್ದು. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದು ಸುತ್ತ ನೋಡಿದಳು. "ಇಲ್ಲೆ ದಾಸೋಹ ಇಲ್ಲೇನು?" ಅಂದಳು.

ದಾನ ಬೇರೆ, ದಾಸೋಹ ಬೇರೆ ಅಂತ ನಮ್ಮ ಕಡೆ ಹೇಳುತ್ತಾರೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಹೇಳೋದು ಸುಲಭ. ನಡೆದು ತೋರಿಸಿದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಅವರ ದಾಸೋಹ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಬೈದು, ಇಷ್ಟು ನಮಗೆ ಯಾಕೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದಳು. ಆ ಅಕ್ಕಿಯೂ ಜಂಗಮರ ಊಟಕ್ಕೇ ಹೋಗುತ್ತಿತ್ತು, ಅವರ ಹೊಟ್ಟೆಗಲ್ಲ. ಆದರೂ ಬೇಡ ಅಂದಳು. ಜಾಸ್ತಿ ಕೊಡಬೇಕು ಅನ್ನುವ ಆಸೆಯೂ ಆಸೆಯೇ ಅಂತ ಅವಳಿಗೆ ಗೊತ್ತಾಗಿತ್ತು. ನನಗೆ ಹಿಡಿಸುವುದು ಇದು: ಅವಳು ಅನುಮಾನ ಪಟ್ಟಿದ್ದು ತನ್ನ ಮನೆಯ ಮೇಲೆ. ಬಸವಣ್ಣ ಏನು ಲಾಭಕ್ಕೆ ಊಟ ಹಾಕುತ್ತಾನೆ ಅಂತ ಕೇಳುತ್ತ ಕೂರಲಿಲ್ಲ.

ಪೂರ್ತಿ ನಿಸ್ವಾರ್ಥಿ ಆಗಲು ಹೊರಟು ಕೆಟ್ಟವರೂ ಇದ್ದಾರೆ. ಜಾರ್ಜ್ ಪ್ರೈಸ್ ಅನ್ನುವ ಅಮೆರಿಕದವನು 1967ರಲ್ಲಿ ಲಂಡನ್ನಿಗೆ ಬಂದ. ಜೀವಿಗಳಲ್ಲಿ ಪರೋಪಕಾರ ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ಇವತ್ತಿಗೂ ಬಳಸುವ ಗಣಿತದ ಸೂತ್ರವನ್ನು 1970ರಲ್ಲಿ ಪ್ರಕಟಿಸಿದ. ಆಮೇಲೆ ಮನೆ ಇಲ್ಲದ ಕುಡುಕರನ್ನು ಮನೆಗೆ ಕರೆದು, ಇದ್ದದ್ದೆಲ್ಲ ಹಂಚಿ, ಕೊನೆಗೆ ತನಗೇ ಮನೆ ಇಲ್ಲದಂತಾಗಿ, 1975ರ ಜನವರಿಯಲ್ಲಿ ತಾನೇ ಜೀವ ತೆಗೆದುಕೊಂಡ. ಅವನ ಕಥೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮನೆಯಲ್ಲೇ ಇದೆ. ಒಂಬತ್ತು ಜನರ ಮನೆ. ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು. ರೊಟ್ಟಿ ಕಡಿಮೆ ಬಿದ್ದರೆ "ನನಗ ಹಸಿವಿಲ್ಲ" ಅನ್ನುತ್ತಿದ್ದಳು. ನಾವು ಅವಳನ್ನು ತ್ಯಾಗಮಯಿ ಅಂತ ಹೊಗಳಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆವು. ಆ ಪದ ಗಂಡಸರಿಗೆ ಬಹಳ ಅನುಕೂಲದ್ದು. ಬೇಡ ಅನ್ನುವ ಹಕ್ಕೇ ಇಲ್ಲದವಳು ಕೊಟ್ಟಿದ್ದನ್ನು ನಿಸ್ವಾರ್ಥ ಅನ್ನೋದು ಹೇಗೆ? ಲೆಸ್ಟರಿನಲ್ಲಿ ನನ್ನ ಹೆಂಡತಿ, "ಅತ್ತಿ, ಮೊದಲ ನೀವು ಕೂಡ್ರಿ" ಅಂತ ತಾಟು ಹಚ್ಚಿ ಮುಂದಿಟ್ಟಳು. ನಾನು ರೊಟ್ಟಿ ಬೇಯಿಸುತ್ತಿದ್ದೆ, ಸುಟ್ಟಿದ್ದೇ ಜಾಸ್ತಿ. ಅವ್ವ ಒಂದು ಊಟ ಮುಗಿಸುವಷ್ಟರಲ್ಲಿ ಮೂರು ಸಲ ಎದ್ದಳು. ಕೂತು ಉಣ್ಣೋದು ಅವಳಿಗೆ ಬರೋದೇ ಇಲ್ಲ.

ಈ ವರ್ಷ ಪಂಚಮಿಗೆ ಅವ್ವ ಗದಗಿನಲ್ಲೇ ಇದ್ದಳು. ಫೋನಿನಲ್ಲಿ ಅವಳು ಹೇಳಿದ ಹಾಗೆ ನಾವೇ ಉಂಡಿ ಕಟ್ಟಿದೆವು. ಪಾಕ ಕೆಟ್ಟು ಕಲ್ಲಾದವು. ಆದರೂ ಅದೇ ಸ್ಟೀಲ್ ಡಬ್ಬಿಗೆ ಎಂಟು ಹಾಕಿ ಅಜ್ಜಿಗೆ ಕೊಟ್ಟು ಬಂದೆ. ಆರು ವಾರ ಆಯಿತು. ಅಜ್ಜಿಗೆ ಈಗ ಮರೆವು ಜಾಸ್ತಿ. ನಮ್ಮ ಬಿನ್ ಮಾತ್ರ ಮರೆತಿಲ್ಲ, ನಾವು ಊರಲ್ಲಿಲ್ಲದ ವಾರ ಅದು ರಸ್ತೆಗೆ ಹೋಗಿ ಬಂದಿದೆ.

ಪ್ರತಿ ಭಾನುವಾರ ಅವ್ವನ ಫೋನ್ ಬರುತ್ತದೆ. ಮಕ್ಕಳ ಸಮಾಚಾರ, ಮಳೆ, ಹೆಸರುಕಾಳಿನ ರೇಟು ಎಲ್ಲ ಆದ ಮೇಲೆ ಕೇಳುತ್ತಾಳೆ.

"ಡಬ್ಬಿ ಬಂತೇನು?"

"ಇಲ್ಲವ್ವಾ. ಹೋಗ್ಲಿ ಬಿಡು, ಒಂದು ಡಬ್ಬಿ."

"ಹೋಗ್ಲಿ ಅಂದ್ರ? ಅದರ ಮ್ಯಾಲ ನಿಮ್ಮಪ್ಪನ ಹೆಸರೈತಿ."